ಬಂದೂಕು, ಗುಂಡು, ಸೇಫ್: ಅಮೆರಿಕದಲ್ಲಿ ಯಾವುದಕ್ಕೆ ಎಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ?

ಅಮೆರಿಕದಲ್ಲಿ ಸೇಲ್ಸ್ ಟ್ಯಾಕ್ಸ್ ಹಾಕುವುದು ಕೇಂದ್ರ ಸರ್ಕಾರ ಅಲ್ಲ. ರಾಜ್ಯಗಳು ಹಾಕುತ್ತವೆ. ಅದರ ಮೇಲೆ ಕೌಂಟಿಗಳು, ಊರುಗಳು ತಮ್ಮದೂ ಒಂದಿಷ್ಟು ಸೇರಿಸುತ್ತವೆ. ಹಾಗಾಗಿ ಒಂದೇ ಪಿಸ್ತೂಲು ಒಂದು ರಾಜ್ಯದಲ್ಲಿ ವರ್ಷವಿಡೀ ತೆರಿಗೆಯಿಲ್ಲದೆ ಸಿಗುತ್ತದೆ. ಇನ್ನೊಂದು ರಾಜ್ಯದಲ್ಲಿ ಮೂರು ದಿನ ಮಾತ್ರ. ಮತ್ತೊಂದರಲ್ಲಿ ಸೇಲ್ಸ್ ಟ್ಯಾಕ್ಸ್ ಜೊತೆಗೆ ಬಂದೂಕಿಗೆಂದೇ ಇನ್ನೊಂದು ತೆರಿಗೆ ಬೀಳುತ್ತದೆ. ಡಲ್ಲಾಸ್, ಸಿಯಾಟಲ್, ಬೇ ಏರಿಯಾ, ನ್ಯೂಜೆರ್ಸಿ ಅಂತ ಹಂಚಿಹೋಗಿರುವ ನಮ್ಮವರು ಒಬ್ಬರ ಮಾತು ಕೇಳಿ ಇನ್ನೊಬ್ಬರು ಲೆಕ್ಕ ಹಾಕಿದರೆ ಎಡವಟ್ಟಾಗುವುದು ಇಲ್ಲೇ.

ಈ ಬರಹ ಬಂದೂಕು ಕೊಳ್ಳಬೇಕೋ ಬೇಡವೋ ಅನ್ನುವ ಚರ್ಚೆ ಅಲ್ಲ. ಕೊಳ್ಳುವುದು ಅಂತ ಆಗಲೇ ತೀರ್ಮಾನಿಸಿದವರಿಗೆ, ಅಥವಾ ಮನೆಯಲ್ಲಿ ಆಗಲೇ ಇರುವ ಬಂದೂಕಿಗೆ ಒಂದು ಒಳ್ಳೆ ಸೇಫ್ ಹುಡುಕುತ್ತಿರುವವರಿಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಂದೂಕಿನ ಮೇಲೆ ಸಿಗುವ ತೆರಿಗೆ ರಜೆಗಳ (ಕೆಲವು ದಿನ ಸೇಲ್ಸ್ ಟ್ಯಾಕ್ಸ್ ಬಿಡುವುದು) ಸದ್ದು ಜಾಸ್ತಿ, ಉಳಿತಾಯ ಕಡಿಮೆ. ಸೇಫ್ ಮತ್ತು ಬೀಗಗಳ ಮೇಲಿನ ವಿನಾಯಿತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿಜವಾಗಿ ಕೆಲಸಕ್ಕೆ ಬರುವುದು ಅದೇ.

ತೆರಿಗೆಗೂ ಮೊದಲು ವೀಸಾ

ಎಚ್-1ಬಿ, ಎಫ್-1, ಎಚ್-4 ಮೇಲೆ ಇರುವವರು ಇಲ್ಲೇ ಸ್ವಲ್ಪ ನಿಲ್ಲಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್ ಇಮಿಗ್ರಂಟ್ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ಅಪವಾದಗಳಿವೆ. ಅಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿ ಇರುವುದು ಅವುಗಳಲ್ಲಿ ಮುಖ್ಯವಾದದ್ದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗಂಡ ಸಿಟಿಜನ್, ಹೆಂಡತಿ ಇನ್ನೂ ವೀಸಾದಲ್ಲಿ ಅನ್ನುವ ಮನೆಗಳಲ್ಲಿ ಸೇಫಿನ ಕೀ ಯಾರ ಕೈಗೆ ಸಿಗುತ್ತದೆ ಅನ್ನುವುದೂ ಕಾನೂನಿನ ಪ್ರಶ್ನೆ ಆಗಬಹುದು. ಅದಕ್ಕೆ ಇಮಿಗ್ರೇಷನ್ ವಕೀಲರನ್ನೇ ಕೇಳಬೇಕು, ವಾಟ್ಸಾಪ್ ಗುಂಪನ್ನಲ್ಲ.

ಇದರ ಜೊತೆಗೇ ಇನ್ನೊಂದು ಮಾತು. "ಹೇಗೂ ನಿಮ್ಮ ಕಡೆ ಈ ವಾರ ಟ್ಯಾಕ್ಸ್ ಇಲ್ಲವಲ್ಲ, ನನ್ನ ಹೆಸರು ಬೇಡ, ನಿಮ್ಮ ಹೆಸರಲ್ಲೇ ಒಂದು ತಗೊಂಡುಬಿಡಿ, ದುಡ್ಡು ಕಳಿಸ್ತೀನಿ" ಅಂತ ಯಾರಾದರೂ ಕೇಳಿದರೆ ಸಾರಾಸಗಟಾಗಿ ಆಗಲ್ಲ ಅನ್ನಿ. ಬೇರೆಯವರಿಗಾಗಿ ತಾನೇ ಕೊಳ್ಳುವವನಂತೆ ಫಾರಂ ತುಂಬುವುದು ಫೆಡರಲ್ ಅಪರಾಧ. ಕೊಳ್ಳಲು ಅರ್ಹತೆಯೇ ಇಲ್ಲದವರಿಗಾಗಿ ಹೀಗೆ ಮಾಡಿದರೆ 2022ರ ಕಾನೂನಿನಡಿ 15 ವರ್ಷದವರೆಗೆ ಜೈಲಾಗಬಹುದು. ಉಳಿಯುವುದು ನಲವತ್ತೋ ಐವತ್ತೋ ಡಾಲರ್.

ಬಿಲ್ಲಿನಲ್ಲಿ ಕಾಣುವ ತೆರಿಗೆ, ಕಾಣದ ತೆರಿಗೆ

ಬಂದೂಕಿನ ಬೆಲೆಯೊಳಗೇ ಒಂದು ತೆರಿಗೆ ಅಡಗಿರುತ್ತದೆ. ತಯಾರಕರು ಮತ್ತು ಆಮದು ಮಾಡುವವರು ಕೇಂದ್ರಕ್ಕೆ ಕಟ್ಟುವ ಎಕ್ಸೈಸ್ ಅದು. ಪಿಸ್ತೂಲು, ರಿವಾಲ್ವರ್‌ಗೆ 10%, ಉಳಿದ ಬಂದೂಕುಗಳಿಗೂ ಗುಂಡುಗಳಿಗೂ 11%. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದ ಮೇಲೆ ಈ ದುಡ್ಡು ಕಾಡುಪ್ರಾಣಿಗಳ ರಕ್ಷಣೆಗೆ, ಬೇಟೆಗಾರರ ತರಬೇತಿಗೆ ರಾಜ್ಯಗಳಿಗೆ ಹೋಗುತ್ತದೆ. ಯಾವ ರಾಜ್ಯದ ಯಾವ ತೆರಿಗೆ ರಜೆಯೂ ಇದನ್ನು ಮುಟ್ಟುವುದಿಲ್ಲ. "ಟ್ಯಾಕ್ಸ್ ಫ್ರೀ" ಬೋರ್ಡ್ ನೋಡಿದಾಗ ಇದು ತಲೆಯಲ್ಲಿರಲಿ. ಮನ್ನಾ ಆಗುವುದು ಬಿಲ್ಲಿನ ಕೆಳಗೆ ಬರುವ ರಾಜ್ಯದ, ಊರಿನ ಪಾಲು ಮಾತ್ರ.

ಹೋಲಿಕೆ ಸುಲಭವಾಗಲಿ ಅಂತ ಈ ಬರಹದ ಉದ್ದಕ್ಕೂ 600 ಡಾಲರಿನ ಪಿಸ್ತೂಲು, 1,000 ಡಾಲರಿನ ಸೇಫ್ ಅಂತ ಇಟ್ಟುಕೊಳ್ಳುತ್ತೇನೆ.

ಮೂರು ದಿನದ ರಜೆ: ಮಿಸಿಸಿಪ್ಪಿಯೋ ಲೂಸಿಯಾನವೋ

ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಬಂದೂಕಿನ ಹಕ್ಕಿನ ಬಗ್ಗೆ ಮಾತಾಡುತ್ತದೆ. ಅದರ ಹೆಸರಲ್ಲೇ ಕೆಲವು ರಾಜ್ಯಗಳು ವರ್ಷಕ್ಕೊಂದು ವಾರಾಂತ್ಯ ತೆರಿಗೆ ಬಿಡುತ್ತವೆ. ಮೊದಲು ಶುರುಮಾಡಿದ್ದು ಸೌತ್ ಕ್ಯಾರೊಲೈನಾ, 2008ರಲ್ಲಿ. ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ, ಶನಿವಾರ ಬಂದೂಕಿಗೆ ತೆರಿಗೆ ಇಲ್ಲ ಅಂದರು. ವಿದ್ಯುತ್ ಉಳಿಸುವ ಫ್ರಿಜ್ಜು ಇತ್ಯಾದಿಗಳ ತೆರಿಗೆ ರಜೆಯನ್ನೂ ಅದೇ ಕಾನೂನಿಗೆ ಕಟ್ಟಿದ್ದರು. ಒಂದೇ ಮಸೂದೆಯಲ್ಲಿ ಬೇರೆ ಬೇರೆ ವಿಷಯ ತುರುಕಿದ್ದಕ್ಕೆ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಈಗ ಹೋಲಿಸಲು ಉಳಿದಿರುವ ಜೋಡಿ ಮಿಸಿಸಿಪ್ಪಿ ಮತ್ತು ಲೂಸಿಯಾನ. ಅಕ್ಕಪಕ್ಕದ ರಾಜ್ಯಗಳು. ದಿನಾಂಕಗಳೂ ಹತ್ತಿರ ಹತ್ತಿರ. ಮಿಸಿಸಿಪ್ಪಿಯಲ್ಲಿ ಆಗಸ್ಟ್ ತಿಂಗಳ ಕೊನೆಯ ಶುಕ್ರವಾರದಿಂದ ಭಾನುವಾರದವರೆಗೆ. 2014ರಲ್ಲಿ ಶುರುವಾದಾಗ ಸೆಪ್ಟೆಂಬರ್ ಮೊದಲ ವಾರ ಇತ್ತು, ಆಮೇಲೆ ಹಿಂದಕ್ಕೆ ತಂದರು. ಲೂಸಿಯಾನದಲ್ಲಿ ಸೆಪ್ಟೆಂಬರ್ ಮೊದಲ ಶುಕ್ರವಾರದಿಂದ ಭಾನುವಾರ. ಹೆಚ್ಚುಕಮ್ಮಿ ಕೊಡಗಿನಲ್ಲಿ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡುವ ಹೊತ್ತಿಗೇ! ಆದರೆ ಅಲ್ಲಿ ಕಾರಣ ಹಬ್ಬವಲ್ಲ, ಶರತ್ಕಾಲದ ಬೇಟೆ ಸೀಸನ್ ಶುರುವಾಗುವುದು.

ಲೂಸಿಯಾನದ ರಜೆ 2009ರ ಕಾನೂನಿನದ್ದು. ಆದರೆ ಬಜೆಟ್ ಬಿಗಿಯಾದಾಗ 2018ರಲ್ಲಿ ಎಲ್ಲ ತೆರಿಗೆ ರಜೆಗಳನ್ನೂ ನಿಲ್ಲಿಸಿದರು. 2025ರ ಜೂನ್ ಕೊನೆಗೆ ಆ ತಡೆ ಮುಗಿದು, 2025ರ ಸೆಪ್ಟೆಂಬರ್ 5ರಿಂದ 7ರವರೆಗೆ ಮತ್ತೆ ಬಂತು. ಏಳು ವರ್ಷ ಹಳೇ ಮಾಹಿತಿಯೇ ಅಲ್ಲಲ್ಲಿ ಓಡಾಡುತ್ತಿತ್ತು. ಆದ್ದರಿಂದ ಆ ವರ್ಷದ ರಾಜ್ಯ ತೆರಿಗೆ ಇಲಾಖೆಯ ಪ್ರಕಟಣೆ ನೋಡದೆ ಕಾರು ಹತ್ತಬೇಡಿ.

ದುಡ್ಡಿನ ಲೆಕ್ಕದಲ್ಲಿ ಲೂಸಿಯಾನ ಮುಂದೆ. ಮಿಸಿಸಿಪ್ಪಿಯ ರಾಜ್ಯ ತೆರಿಗೆ 7%. ಊರಿನ ತೆರಿಗೆ ಹೆಚ್ಚಿನ ಕಡೆ ಇಲ್ಲ. 600 ಡಾಲರಿನ ಪಿಸ್ತೂಲಿಗೆ 42 ಡಾಲರ್ ಉಳಿಯಿತು. ಲೂಸಿಯಾನದಲ್ಲಿ 2025ರ ಜನವರಿಯಿಂದ ರಾಜ್ಯದ್ದು 5%. ಅಲ್ಲಿ ಕೌಂಟಿಗೆ ಪ್ಯಾರಿಷ್ ಅನ್ನುತ್ತಾರೆ, ಆ ಪ್ಯಾರಿಷ್‌ಗಳ ತೆರಿಗೆಯೂ ಸುಮಾರು ಅಷ್ಟೇ ಇರುತ್ತದೆ. ಎರಡೂ ಸೇರಿ 10% ಆಸುಪಾಸು. ಈ ರಜೆಯಲ್ಲಿ ಎರಡೂ ಬಿಟ್ಟುಹೋಗುವುದರಿಂದ ಉಳಿತಾಯ 60 ಡಾಲರ್ ಹತ್ತಿರ.

ಪಟ್ಟಿಯ ವಿಷಯದಲ್ಲೂ ಲೂಸಿಯಾನದ ಕೈ ಧಾರಾಳ. ಬಂದೂಕು, ಗುಂಡು ಎರಡೂ ಕಡೆ ಇವೆ. ಬಿಲ್ಲು ಬಾಣ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸುವ ಹೋಲ್‌ಸ್ಟರ್, ಬೆಲ್ಟ್, ಕೇಸು, ಕಿವಿಗೆ ಹಾಕುವ ರಕ್ಷಣೆ ಕೂಡ ಎರಡೂ ಕಡೆ ಇವೆ. ಲೂಸಿಯಾನ ಇನ್ನೂ ಮುಂದೆ ಹೋಗಿ ಬೇಟೆಯ ಬಟ್ಟೆ, ಬೂಟು, ಬೈನಾಕ್ಯುಲರ್, ಮರದ ಮೇಲೆ ಕೂರುವ ಅಟ್ಟಣಿಗೆ, ಬಾತುಕೋಳಿಗಳನ್ನು ಸೆಳೆಯುವ ಗೊಂಬೆ ಇವನ್ನೆಲ್ಲ "ಬೇಟೆ ಸಾಮಾನು" ಅಂತ ಒಪ್ಪಿಕೊಂಡಿದೆ. ಬಂದೂಕು ಆಗಲೇ ಇದ್ದು, ಉಳಿದ ಸರಂಜಾಮು ಬೇಕಾದ ಬೇಟೆಗಾರನಿಗೆ ಲೂಸಿಯಾನವೇ ಸರಿ. ಅಲ್ಲಿಯ ನಿವಾಸಿ ಆಗಿರಬೇಕು ಅಂತೇನಿಲ್ಲ ಇಂಥ ಸಾಮಾನಿಗೆ. ಬಂದೂಕಿನ ಕಥೆ ಬೇರೆ, ಮುಂದೆ ಬರುತ್ತೇನೆ.

ಮೂರು ದಿನದ ರಜೆಯಲ್ಲಿ ಒಂದು ತೊಡಕಿದೆ. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ಬ್ಯಾಕ್‌ಗ್ರೌಂಡ್ ಚೆಕ್ ಆಗಬೇಕು. ಹೆಚ್ಚಿನವರಿಗೆ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವರಿಗೆ "ಡಿಲೇ" ಅಂತ ಬರುತ್ತದೆ. ಆಗ ಅಂಗಡಿಯವರು ಮೂರು ಕೆಲಸದ ದಿನ ಕಾಯಬೇಕು. 21 ವರ್ಷದೊಳಗಿನವರಿಗೆ ಈ ಕಾಯುವಿಕೆ ಹತ್ತು ಕೆಲಸದ ದಿನದವರೆಗೂ ಹೋಗಬಹುದು. ನಮ್ಮ ಉದ್ದುದ್ದ ಹೆಸರು, ಒಂದು ಕಡೆ ಇನಿಷಿಯಲ್ ಇನ್ನೊಂದು ಕಡೆ ಊರ ಹೆಸರು ಇರುವ ಕಾಗದಪತ್ರ ನೋಡಿದರೆ ಮೊದಲ ಸಲಕ್ಕೇ ಪಾಸಾಗುತ್ತೆ ಅಂತ ನಂಬಿಕೊಂಡು ಹೋಗಬಾರದು. ಶುಕ್ರವಾರ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ದುಡ್ಡು ಇವತ್ತು ಕೊಟ್ಟು ಬಂದೂಕು ಮುಂದಿನ ವಾರ ಕೈಗೆ ಬಂದರೆ ವಿನಾಯಿತಿ ನಿಲ್ಲುತ್ತದೆಯೇ ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ಗುಂಡುಗಳಿಗೆ ಈ ತಲೆನೋವು ಕಡಿಮೆ. ಆದರೆ 250 ಡಾಲರಿನ ಪೆಟ್ಟಿಗೆಗೆ ಮಿಸಿಸಿಪ್ಪಿಯಲ್ಲಿ ಉಳಿಯುವುದು ಹದಿನೇಳೂವರೆ ಡಾಲರ್. ನವೆಂಬರ್ ಬ್ಲ್ಯಾಕ್ ಫ್ರೈಡೇಗೆ ಅಂಗಡಿಗಳೇ ಅದಕ್ಕಿಂತ ಜಾಸ್ತಿ ಇಳಿಸುವುದುಂಟು. ಟ್ಯಾಕ್ಸ್ ಫೌಂಡೇಷನ್ ಥರದ ಸಂಸ್ಥೆ ವರ್ಷವರ್ಷ ಇದನ್ನೇ ಹೇಳುತ್ತಾ ಬಂದಿದೆ. ತೆರಿಗೆ ರಜೆಗಳಿಂದ ಜನ ಜಾಸ್ತಿ ಕೊಳ್ಳುವುದಿಲ್ಲ, ಹೇಗೂ ಕೊಳ್ಳುವುದನ್ನು ಆ ವಾರಕ್ಕೆ ಎಳೆದು ತರುತ್ತಾರೆ ಅಷ್ಟೇ. ಬಲಪಂಥದ ಕಡೆ ವಾಲುವ ಸಂಸ್ಥೆ ಅದು, ತೆರಿಗೆ ಕಡಿಮೆ ಆಗಲಿ ಅನ್ನುವವರೇ. ಅವರೇ ಹೀಗೆ ಅಂದರೆ ಯೋಚಿಸಬೇಕಲ್ವಾ?

ಫ್ಲಾರಿಡಾದ ನಾಲ್ಕು ತಿಂಗಳು

2025ರಲ್ಲಿ ಫ್ಲಾರಿಡಾ ಎಲ್ಲರನ್ನೂ ಮೀರಿಸಿತು. ಸೆಪ್ಟೆಂಬರ್ 8ರಿಂದ ಡಿಸೆಂಬರ್ 31ರವರೆಗೆ ಬಂದೂಕು, ಗುಂಡು, ಬಂದೂಕಿನ ಬಿಡಿಭಾಗ, ಬಿಲ್ಲು ಬಾಣಗಳಿಗೆ ತೆರಿಗೆ ಬಿಟ್ಟಿತು. ಇವುಗಳಿಗೆ ಬೆಲೆಯ ಮಿತಿಯೇ ಇರಲಿಲ್ಲ. ತಮಾಷೆ ಏನೆಂದರೆ ಅದೇ ಕಾನೂನಿನಲ್ಲಿ ಕ್ಯಾಂಪಿಂಗ್ ಮತ್ತು ಮೀನುಗಾರಿಕೆಗೆ ಮಿತಿ ಇತ್ತು. ಟೆಂಟು 200 ಡಾಲರ್ ಒಳಗಿದ್ದರೆ ಮಾತ್ರ, ಟಾರ್ಚು 30 ಡಾಲರ್ ಒಳಗೆ, ಮೀನಿನ ಗಾಳದ ಕೋಲು 75 ಡಾಲರ್ ಒಳಗೆ. ಐದು ಸಾವಿರ ಡಾಲರಿನ ರೈಫಲ್‌ಗೆ ತೆರಿಗೆ ಇಲ್ಲ, 35 ಡಾಲರಿನ ಟಾರ್ಚಿಗೆ ಉಂಟು! ಥೀಮ್ ಪಾರ್ಕು, ಹೋಟೆಲು, ಏರ್‌ಪೋರ್ಟ್ ಒಳಗಿನ ಅಂಗಡಿಗಳಿಗೆ ಈ ರಜೆ ಅನ್ವಯಿಸಲಿಲ್ಲ. ಅಲ್ಲಿ ಟೆಂಟು ಕೊಳ್ಳುವವರು ಯಾರೋ ನನಗಂತೂ ಗೊತ್ತಿಲ್ಲ.

ಫ್ಲಾರಿಡಾದ ರಾಜ್ಯ ತೆರಿಗೆ 6%, ಕೌಂಟಿಯದು ಬೇರೆ. ಪಿಸ್ತೂಲಿಗೆ 36 ಡಾಲರ್ ಮತ್ತು ಮೇಲೊಂದಿಷ್ಟು ಉಳಿಯಿತು. ಮೊತ್ತ ಲೂಸಿಯಾನಕ್ಕಿಂತ ಕಮ್ಮಿಯೇ. ಆದರೆ ನಾಲ್ಕು ತಿಂಗಳು ಇದ್ದದ್ದರಿಂದ ಅವಸರ ಇರಲಿಲ್ಲ. ಡೀಲರ್ ಹತ್ತಿರ ಎರಡು ಮೂರು ಸಲ ಹೋಗಿ, ಕೈಗೆ ಹೊಂದುತ್ತದೆಯೇ ನೋಡಿ, ಬ್ಲ್ಯಾಕ್ ಫ್ರೈಡೇ ರಿಯಾಯಿತಿಯನ್ನೂ ಸೇರಿಸಿಕೊಂಡು ಕೊಳ್ಳಬಹುದಿತ್ತು. ರಜೆ ಕೊಡುವುದೇ ಆದರೆ ಹೀಗೆ ಕೊಡುವುದು ವಾಸಿ ಅನ್ನುವುದು ನನ್ನ ಅನಿಸಿಕೆ. ಬಂದೂಕಿನಂಥ ವಸ್ತುವನ್ನು ಗಡಿಯಾರ ನೋಡಿಕೊಂಡು ಕೊಳ್ಳಬಾರದು. ನೆನಪಿಡಿ, ಅದು 2025ಕ್ಕೆ ಅಂತಲೇ ಮಾಡಿದ ಕಾನೂನು.

ಫ್ಲಾರಿಡಾ ಬಂದೂಕಿನ ತೆರಿಗೆ ತೆಗೆದ ಎರಡು ವಾರಕ್ಕೆ ಸರಿಯಾಗಿ, ಸೆಪ್ಟೆಂಬರ್ 22ರಂದು, ಭಾರತದಲ್ಲಿ ರಿವಾಲ್ವರ್, ಪಿಸ್ತೂಲುಗಳ ಜಿಎಸ್‌ಟಿ 28%ರಿಂದ 40%ಕ್ಕೆ ಏರಿತು. ಪಾನ್ ಮಸಾಲ, ಯಾಟ್ ಹಡಗುಗಳ ಸಾಲಿನಲ್ಲಿ ಅದೂ ಸೇರಿತು. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕಿನ ಲೈಸೆನ್ಸಿನದ್ದು, ತೆರಿಗೆಯದ್ದಲ್ಲ. ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ಕೊನೆಯವರೆಗೆ, ವಿಸ್ತರಿಸಿದ್ದಾರೆ. ಊರಿನ ಈ ಮಾತನ್ನು ಅಮೆರಿಕದ ವಿನಾಯಿತಿಯ ಜೊತೆ ಬೆರೆಸಿ ಮಾತಾಡುವವರು ಸಿಗುತ್ತಾರೆ. ಎರಡಕ್ಕೂ ಸಂಬಂಧ ಇಲ್ಲ.

ವರ್ಷವಿಡೀ: ವೆಸ್ಟ್ ವರ್ಜೀನಿಯಾ

2021ರ ಜುಲೈ 1ರಿಂದ ವೆಸ್ಟ್ ವರ್ಜೀನಿಯಾದಲ್ಲಿ ಕೈಯಲ್ಲಿ ಹಿಡಿಯುವ ಬಂದೂಕುಗಳಿಗೂ ಅವುಗಳ ಗುಂಡುಗಳಿಗೂ ಸೇಲ್ಸ್ ಟ್ಯಾಕ್ಸ್ ಇಲ್ಲ. ಅಲ್ಲಿಯ ದರ 6%. ಅಂದರೆ ಪಿಸ್ತೂಲಿಗೆ 36 ಡಾಲರ್, ಯಾವ ದಿನ ಹೋದರೂ. ಬಂದೂಕು ತಯಾರಿಸುವ ಕಂಪನಿಗಳನ್ನು ರಾಜ್ಯಕ್ಕೆ ಸೆಳೆಯುವುದೂ ಅದೇ ಕಾನೂನಿನ ಉದ್ದೇಶ, ಅವುಗಳಿಗೂ ತೆರಿಗೆ ರಿಯಾಯಿತಿ ಕೊಟ್ಟರು. ಹೋಲ್‌ಸ್ಟರ್, ಸ್ಕೋಪ್ ಥರದ ಬಿಡಿ ಸಾಮಾನು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಆ ರಾಜ್ಯದಲ್ಲೇ ಇದ್ದರೆ ಇದಕ್ಕಿಂತ ಸರಳವಾದದ್ದು ಬೇರೆ ಇಲ್ಲ. ದಿನಾಂಕ ನೋಡಬೇಕಿಲ್ಲ, ಸಾಲಲ್ಲಿ ನಿಲ್ಲಬೇಕಿಲ್ಲ.

ಗಡಿ ದಾಟಿ ಕೊಳ್ಳಬಹುದಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಓರೆಗಾನ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಡೆಲವೇರ್‌ಗಳಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸೇ ಇಲ್ಲ. ಸಿಯಾಟಲ್‌ನಿಂದ ಪೋರ್ಟ್‌ಲ್ಯಾಂಡ್‌ಗೆ ಹೋಗಿ ಲ್ಯಾಪ್‌ಟಾಪ್ ತರುವ ಹಾಗೆ ಪಿಸ್ತೂಲು ತರಬಹುದಾ?

ಆಗಲ್ಲ. ಫೆಡರಲ್ ಕಾನೂನಿನ ಪ್ರಕಾರ ಪಿಸ್ತೂಲು, ರಿವಾಲ್ವರ್‌ಗಳನ್ನು ನೀವು ವಾಸಿಸುವ ರಾಜ್ಯದ ಡೀಲರ್ ಕೈಯಿಂದಲೇ ಪಡೆಯಬೇಕು. ಬೇರೆ ರಾಜ್ಯದ ಅಂಗಡಿಯಲ್ಲಿ ಇಷ್ಟವಾದರೆ ಅವರು ಅದನ್ನು ನಿಮ್ಮ ಊರಿನ ಲೈಸೆನ್ಸ್ ಇರುವ ಡೀಲರ್‌ಗೆ ಕಳಿಸುತ್ತಾರೆ. ನೀವು ಅಲ್ಲಿ ಫಾರಂ ತುಂಬಿ, ಚೆಕ್ ಮುಗಿಸಿ, ಅವರ ಟ್ರಾನ್ಸ್‌ಫರ್ ಶುಲ್ಕ ಕೊಟ್ಟು ತಗೊಳ್ಳಬೇಕು. ತೆರಿಗೆ ಉಳಿಸಿದ್ದು ಆ ಶುಲ್ಕಕ್ಕೇ ಹೋಗಬಹುದು.

ರೈಫಲ್, ಶಾಟ್‌ಗನ್‌ಗಳಿಗೆ ಸ್ವಲ್ಪ ಸಡಿಲ. ಬೇರೆ ರಾಜ್ಯದ ಡೀಲರ್ ಹತ್ತಿರ ಖುದ್ದಾಗಿ ಹೋಗಿ ಕೊಳ್ಳಬಹುದು, ಆದರೆ ಎರಡೂ ರಾಜ್ಯಗಳ ಕಾನೂನಿಗೆ ಒಪ್ಪಬೇಕು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ಬಿಗಿ ಕಾನೂನಿನ ರಾಜ್ಯದವರಿಗೆ ಡೀಲರ್‌ಗಳೇ ಮಾರಲು ಹಿಂಜರಿಯುತ್ತಾರೆ.

ಕೊಂಡು ತಂದರೂ ಮುಗಿಯಲಿಲ್ಲ. ಸೇಲ್ಸ್ ಟ್ಯಾಕ್ಸ್ ಇರುವ ರಾಜ್ಯಗಳಲ್ಲಿ ಯೂಸ್ ಟ್ಯಾಕ್ಸ್ ಅಂತ ಒಂದಿದೆ. ಹೊರಗೆ ತೆರಿಗೆ ಕೊಡದೆ ತಂದ ವಸ್ತುವಿಗೆ ಮನೆಗೆ ಬಂದ ಮೇಲೆ ನೀವೇ ಲೆಕ್ಕ ಹಾಕಿ ಕಟ್ಟಬೇಕು. ಹೆಚ್ಚಿನವರು ಕಟ್ಟುವುದಿಲ್ಲ, ನಿಜ. ಆದರೆ ಬಂದೂಕಿನ ಖರೀದಿಗೆ ಡೀಲರ್ ಹತ್ತಿರ ಹೆಸರು, ವಿಳಾಸ ಸಮೇತ ದಾಖಲೆ ಇರುತ್ತದೆ. ಸೊಪ್ಪು ತಂದ ಹಾಗಲ್ಲ. ಆನ್‌ಲೈನ್‌ನಲ್ಲೂ ಈಗ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವೇಫೇರ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ ದೊಡ್ಡ ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದರೂ ನಿಮ್ಮ ರಾಜ್ಯದ ತೆರಿಗೆ ವಸೂಲಿ ಮಾಡುತ್ತಾರೆ.

ಒಟ್ಟಿನಲ್ಲಿ ಪಿಸ್ತೂಲು ಬೇಕಾದವರಿಗೆ ರಾಜ್ಯಗಳ ನಡುವೆ ಆಯ್ಕೆ ಅನ್ನುವುದೇ ಇಲ್ಲ. ನಿಮ್ಮ ಡ್ರೈವಿಂಗ್ ಲೈಸೆನ್ಸ್ ಮೇಲೆ ಯಾವ ರಾಜ್ಯ ಇದೆಯೋ ಅದರ ತೆರಿಗೆಯೇ ನಿಮಗೆ.

ಸೇಫ್ ಮತ್ತು ಬೀಗ: ನಿಜವಾದ ಆಯ್ಕೆ ಇಲ್ಲಿದೆ

ಈ ವಿನಾಯಿತಿಗಳಲ್ಲಿ ಗಡಿಯ ಗೋಜಿಲ್ಲ, ಬ್ಯಾಕ್‌ಗ್ರೌಂಡ್ ಚೆಕ್ ಇಲ್ಲ, ಸಾಮಾನ್ಯವಾಗಿ ವರ್ಷವಿಡೀ ಇರುತ್ತವೆ. ಬಂದೂಕು ಬೇಕು ಅನ್ನುವವರೂ ಬೇಡ ಅನ್ನುವವರೂ ಜಗಳವಾಡದೆ ಒಪ್ಪಿದ ಕೆಲವೇ ಸಂಗತಿಗಳಲ್ಲಿ ಇದೊಂದು. ಹಾಗಾಗಿಯೇ ಟೆಕ್ಸಾಸ್‌ನಲ್ಲೂ ಇದೆ, ನ್ಯೂಜೆರ್ಸಿಯಲ್ಲೂ ಇದೆ.

ಟೆನೆಸಿಯ ಕಥೆ ಹೇಳಲೇಬೇಕು. 2021ರ ಜುಲೈನಲ್ಲಿ ಅಲ್ಲಿ ಒಂದು ವರ್ಷದ ಮಟ್ಟಿಗೆ ಸೇಫ್‌ಗಳಿಗೆ ತೆರಿಗೆ ಬಿಟ್ಟಿದ್ದರು. 2023ರ ಮಾರ್ಚ್ 27ರಂದು ನ್ಯಾಶ್‌ವಿಲ್‌ನ ಕವೆನೆಂಟ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದು ಮೂವರು ಮಕ್ಕಳು, ಮೂವರು ದೊಡ್ಡವರು ಸತ್ತರು. ಗವರ್ನರ್ ಬಿಲ್ ಲೀ ಆಗಸ್ಟ್‌ನಲ್ಲಿ ವಿಶೇಷ ಅಧಿವೇಶನ ಕರೆದರು. ದೊಡ್ಡ ಬದಲಾವಣೆ ಬರಲಿ ಅಂತ ತಾಯಂದಿರು ಸಭಾಂಗಣದಲ್ಲಿ ಕೂತಿದ್ದರು. ಕೊನೆಗೆ ಬಂದ ಸಣ್ಣ ಸಣ್ಣ ಕಾನೂನುಗಳಲ್ಲಿ ಒಂದು ಇದು. 2023ರ ನವೆಂಬರ್ 1ರಿಂದ ಬಂದೂಕಿನ ಸೇಫ್ ಮತ್ತು ಸುರಕ್ಷತಾ ಸಾಧನಗಳಿಗೆ ಸೇಲ್ಸ್ ಟ್ಯಾಕ್ಸ್ ಕಾಯಂ ರದ್ದು, ಜೊತೆಗೆ ಉಚಿತ ಬೀಗ. ಅವರು ಕೇಳಿದ್ದಕ್ಕೆ ಹೋಲಿಸಿದರೆ ಇದು ತೀರಾ ಕಮ್ಮಿ. ಆದರೂ 1,000 ಡಾಲರಿನ ಸೇಫ್‌ಗೆ ರಾಜ್ಯದ 7% ಮತ್ತು ಊರಿನ ಗರಿಷ್ಠ 2.75% ಸೇರಿದರೆ 97 ಡಾಲರ್ ಚಿಲ್ಲರೆ ಉಳಿಯುತ್ತದೆ. ಮಿಸಿಸಿಪ್ಪಿಯ ಪಿಸ್ತೂಲಿಗೆ ಉಳಿದದ್ದರ ಎರಡರಷ್ಟಕ್ಕೂ ಜಾಸ್ತಿ.

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಸೇಫ್, ಲಾಕ್ ಬಾಕ್ಸ್, ಟ್ರಿಗರ್ ಒತ್ತಲಾಗದಂತೆ ಹಾಕುವ ಟ್ರಿಗರ್ ಲಾಕ್, ನಳಿಗೆಗೆ ಹಾಕುವ ಬ್ಯಾರಲ್ ಲಾಕ್‌ಗಳಿಗೆ ತೆರಿಗೆ ಇಲ್ಲ. ಬಂದೂಕು ಸುರಕ್ಷತೆ ಕಲಿಸುವ ಕೈಪಿಡಿಗೂ ಇಲ್ಲ. ಡಲ್ಲಾಸ್, ಆಸ್ಟಿನ್ ಕಡೆ ಒಟ್ಟು ದರ 8.25%, ಹಾಗಾಗಿ ನಮ್ಮ ಲೆಕ್ಕದ ಸೇಫ್‌ಗೆ 82 ಡಾಲರ್ ಚಿಲ್ಲರೆ. ವಾಷಿಂಗ್ಟನ್ ರಾಜ್ಯ ಬಹಳ ಹಿಂದಿನಿಂದ ಸೇಫ್‌ಗಳಿಗೆ ತೆರಿಗೆ ಬಿಟ್ಟಿದೆ. ಸಿಯಾಟಲ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 10% ದಾಟುವುದರಿಂದ ಅಲ್ಲಿ 100 ಡಾಲರ್ ಮೇಲೆಯೇ ಲಾಭ. ಅದೇ ಸಿಯಾಟಲ್ 2016ರಿಂದ ಪ್ರತಿ ಬಂದೂಕಿಗೆ 25 ಡಾಲರ್ ಸಿಟಿ ತೆರಿಗೆ ಹಾಕುತ್ತದೆ, ಗುಂಡಿಗೂ ಬಿಡಿಬಿಡಿಯಾಗಿ ಹಾಕುತ್ತದೆ. 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದು ಸರಿ ಅಂದಿತು. ನ್ಯೂಜೆರ್ಸಿಯಲ್ಲಿ ಟ್ರಿಗರ್ ಲಾಕ್, ಬಂದೂಕಿನ ವಾಲ್ಟ್‌ಗಳಿಗೆ ವಿನಾಯಿತಿ. ಅಲ್ಲಿ ದರ 6.625%.

ಫ್ಲಾರಿಡಾದ ಬಂದೂಕಿನ ರಜೆ ತಾತ್ಕಾಲಿಕ ಆದರೆ ಸೇಫ್ ವಿನಾಯಿತಿ ಕಾಯಂ. 2023ರ ಜುಲೈನಿಂದ ಇದೆ. ಕೀ ಅಥವಾ ನಂಬರ್‌ನಿಂದಲೇ ತೆಗೆಯಬೇಕಾದ ಸೇಫ್, ಪೆಟ್ಟಿಗೆ, ಟ್ರಿಗರ್ ಲಾಕ್, ಕೇಬಲ್ ಲಾಕ್ ಎಲ್ಲ ಬರುತ್ತದೆ. ಡಿಸೆಂಬರ್ 31ರೊಳಗೆ ಅಂತ ಬಂದೂಕಿನ ಜೊತೆ ಸೇಫ್‌ಗೂ ಅವಸರ ಮಾಡಿದವರು ಸುಮ್ನೆ ಒದ್ದಾಡಿದರು.

ಇವುಗಳಲ್ಲಿ ಹೆಚ್ಚು ಓದಿಕೊಂಡು ಕೊಳ್ಳಬೇಕಾದದ್ದು ವರ್ಜೀನಿಯಾದಲ್ಲಿ. ಅಲ್ಲಿ ಎರಡು ಬೇರೆ ಬೇರೆ ಸೌಲಭ್ಯಗಳಿವೆ. ಒಂದು, 2020ರ ಜುಲೈನಿಂದ 1,500 ಡಾಲರ್‌ವರೆಗಿನ ಸೇಫ್‌ಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಡಿಜಿಟಲ್ ಅಥವಾ ಡಯಲ್ ಲಾಕ್, ಇಲ್ಲವೇ ಬೆರಳಚ್ಚಿನ ಲಾಕ್ ಇರಬೇಕು. ಗಾಜಿನ ಬಾಗಿಲಿನ ಬೀರು ನಡೆಯುವುದಿಲ್ಲ. ಬೆಲೆ 1,500 ದಾಟಿತೋ, ಪೂರ್ತಿ ಬೆಲೆಗೂ ತೆರಿಗೆ. ಫೇರ್‌ಫ್ಯಾಕ್ಸ್, ಲೌಡನ್ ಕಡೆಯ 6% ದರದಲ್ಲಿ 1,520 ಡಾಲರಿನ ಸೇಫ್‌ಗೆ 91 ಡಾಲರ್ ತೆರಿಗೆ ಬಿತ್ತು, 1,490ರದ್ದಕ್ಕೆ ಸೊನ್ನೆ. ಬೆಲೆ ಚೀಟಿ ನೋಡಿ ಮಾತಾಡಿಸಿ.

ಎರಡನೆಯದು ಇನ್ನೂ ದೊಡ್ಡದು, ಮತ್ತು ಇದು ಸೇಲ್ಸ್ ಟ್ಯಾಕ್ಸೇ ಅಲ್ಲ. 2023ರಿಂದ ವರ್ಜೀನಿಯಾ ರಾಜ್ಯದ ಆದಾಯ ತೆರಿಗೆಯಲ್ಲಿ ಸುರಕ್ಷತಾ ಸಾಧನಕ್ಕೆ 300 ಡಾಲರ್‌ವರೆಗೆ ಕ್ರೆಡಿಟ್ ಕೊಡುತ್ತದೆ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಅಷ್ಟು ಕಳೆಯುತ್ತದೆ. ಇಡೀ ರಾಜ್ಯಕ್ಕೆ ವರ್ಷಕ್ಕೆ 50 ಲಕ್ಷ ಡಾಲರ್ ಮಿತಿ ಇದೆ. ಹಾಗಾಗಿ ಅರ್ಜಿಯನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ, ಬಿಲ್ಲನ್ನು ಜೋಪಾನ ಮಾಡಿ. ಯಾವ ಅಂಗಡಿಯಲ್ಲಿ ಕೊಂಡರೆ ಕ್ರೆಡಿಟ್ ನಡೆಯುತ್ತದೆ ಅನ್ನುವುದನ್ನು ಕೊಳ್ಳುವ ಮೊದಲು ರಾಜ್ಯದ ತೆರಿಗೆ ಇಲಾಖೆಯಲ್ಲಿ ನೋಡಿಕೊಳ್ಳಿ. 1,000 ಡಾಲರಿನ ಸೇಫ್‌ಗೆ 60 ಡಾಲರ್ ಸೇಲ್ಸ್ ಟ್ಯಾಕ್ಸ್ ಉಳಿತಾಯ, ಮೇಲೆ 300 ಕ್ರೆಡಿಟ್. ಇಲ್ಲಿ ಹೇಳಿದ ಬೇರೆ ಯಾವ ವಿನಾಯಿತಿಯೂ ಇದರ ಹತ್ತಿರ ಬರುವುದಿಲ್ಲ.

ಟ್ರಿಗರ್ ಲಾಕ್ ಸಾಕೋ, ಸೇಫೇ ಬೇಕೋ? ತೆರಿಗೆಯ ಲೆಕ್ಕ ಪಕ್ಕಕ್ಕಿಟ್ಟು ಹೇಳುವುದಾದರೆ, ಮನೆಗೆ ಮಕ್ಕಳು ಬಂದು ಹೋಗುತ್ತಾರೆ ಅಂದರೆ ಸೇಫೇ ಬೇಕು. ಪಾಟ್‌ಲಕ್‌ಗೆ ಬಂದ ಮನೆಯವರ ಮಕ್ಕಳು ಮಹಡಿ ಮೇಲೆ ಓಡಾಡಿಕೊಂಡಿರುತ್ತಾರೆ. ಊರಿನಿಂದ ಆರು ತಿಂಗಳಿಗೆ ಬಂದ ಅಜ್ಜ ಅಜ್ಜಿ ಬೀರು ತೆಗೆದು ಜೋಡಿಸುತ್ತಿರುತ್ತಾರೆ. ಅನೇಕ ರಾಜ್ಯಗಳಲ್ಲಿ ಮಗುವಿನ ಕೈಗೆ ಬಂದೂಕು ಸಿಕ್ಕರೆ ಮಾಲೀಕರೇ ಹೊಣೆ.

ಜಾಸ್ತಿ ಕಟ್ಟಿಸಿಕೊಳ್ಳುವ ರಾಜ್ಯಗಳು

ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಬಂದೂಕು, ಅದರ ಮೂಲ ಬಿಡಿಭಾಗ, ಗುಂಡುಗಳ ಮೇಲೆ 11% ಎಕ್ಸೈಸ್ ಇದೆ. ಸೇಲ್ಸ್ ಟ್ಯಾಕ್ಸ್ ಬೇರೆ. ಬೇ ಏರಿಯಾದ ಎಷ್ಟೋ ಊರುಗಳಲ್ಲಿ ಅದು 9% ದಾಟುತ್ತದೆ. 600 ಡಾಲರಿನ ಪಿಸ್ತೂಲಿಗೆ 66 ಮತ್ತು 54, ಒಟ್ಟು 120 ಡಾಲರ್ ಹತ್ತಿರ. ಎಕ್ಸೈಸನ್ನು ಕಟ್ಟಬೇಕಾದವರು ಅಂಗಡಿಯವರು, ಆದರೆ ಅದು ಕೊನೆಗೆ ಯಾರ ಜೇಬಿಗೆ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ವಿನಾಯಿತಿ ಇರುವುದು ಸೇವೆಯಲ್ಲಿರುವ ಅಥವಾ ನಿವೃತ್ತ ಪೊಲೀಸರಿಗೆ, ಮತ್ತು ಮೂರು ತಿಂಗಳಿಗೆ 5,000 ಡಾಲರ್‌ಗಿಂತ ಕಡಿಮೆ ವ್ಯಾಪಾರದ ಸಣ್ಣ ಮಾರಾಟಗಾರರಿಗೆ. ದುಡ್ಡು ಶಾಲೆಗಳ ಭದ್ರತೆಗೆ, ಹಿಂಸೆ ತಡೆಯುವ ಕೆಲಸಗಳಿಗೆ ಹೋಗುತ್ತದೆ.

ಕೊಲರಾಡೋದಲ್ಲಿ 2024ರ ನವೆಂಬರ್‌ನಲ್ಲಿ ಮತದಾರರೇ ಪ್ರಪೊಸಿಷನ್ ಕೆಕೆ ಅನ್ನುವ ಪ್ರಸ್ತಾವ ಒಪ್ಪಿ ಬಂದೂಕು, ಗುಂಡುಗಳ ಮೇಲೆ 6.5% ಎಕ್ಸೈಸ್ ತಂದರು. 2025ರ ಏಪ್ರಿಲ್ 1ರಿಂದ ಜಾರಿ. ಪೊಲೀಸರಿಗೂ ಸೇವೆಯಲ್ಲಿರುವ ಸೈನಿಕರಿಗೂ ಇಲ್ಲ. ವರ್ಷಕ್ಕೆ 20,000 ಡಾಲರ್ ದಾಟದ ಅಂಗಡಿಗಳಿಗೂ ಇಲ್ಲ.

ಸೈಲೆನ್ಸರ್ ಬಗ್ಗೆ ಕೇಳುವವರಿಗೆ ಎರಡು ಮಾತು. 1934ರಿಂದ ಇದ್ದ 200 ಡಾಲರ್ ಫೆಡರಲ್ ತೆರಿಗೆ 2026ರ ಜನವರಿ 1ರಿಂದ ಸೈಲೆನ್ಸರ್, ಗಿಡ್ಡ ಬ್ಯಾರಲ್‌ನ ರೈಫಲ್, ಶಾಟ್‌ಗನ್‌ಗಳಿಗೆ ಸೊನ್ನೆ ಆಗಿದೆ. ಮೆಷಿನ್ ಗನ್‌ಗೆ ಹಾಗೇ ಇದೆ. ನೋಂದಣಿ, ಬೆರಳಚ್ಚು ಯಾವುದೂ ಹೋಗಿಲ್ಲ. ರಾಜ್ಯದ ಸೇಲ್ಸ್ ಟ್ಯಾಕ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ಸೈಲೆನ್ಸರ್ ಇಟ್ಟುಕೊಳ್ಳುವುದೇ ನಿಷೇಧ.

ಬಿಲ್ಲು ಕೈಗೆ ಬಂದಾಗ

ಬಂದೂಕಿನ ಅಂಗಡಿಗಳಿಗೆ ಈ ವಿನಾಯಿತಿಗಳು ಗೊತ್ತಿರುತ್ತವೆ. ಸೇಫ್ ಮಾರುವ ದೊಡ್ಡ ಹಾರ್ಡ್‌ವೇರ್ ಅಂಗಡಿ, ಆನ್‌ಲೈನ್ ಅಂಗಡಿಗಳ ಕಂಪ್ಯೂಟರ್‌ಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದೇ ಪೆಟ್ಟಿಗೆಯನ್ನು "ಗನ್ ಸೇಫ್" ಅನ್ನದೆ ಬರೀ "ಹೋಮ್ ಸೇಫ್" ಅಂತ ದಾಖಲಿಸಿದ್ದರೆ ತೆರಿಗೆ ಬಿದ್ದೇ ಬೀಳುತ್ತದೆ. ವಿನಾಯಿತಿ ಸಿಗಬೇಕಾದರೆ ಅದು ಬಂದೂಕು ಇಡಲೆಂದೇ ಮಾಡಿದ ಸೇಫ್ ಆಗಿರಬೇಕು. ಒಡವೆ, ಪಾಸ್‌ಪೋರ್ಟ್ ಇಡುವ ಸಾಮಾನ್ಯ ಪೆಟ್ಟಿಗೆಗೆ ಕೇಳಿದರೆ ಸಿಗುವುದಿಲ್ಲ. ಬಂದೂಕು ಮತ್ತು ಸೇಫ್ ಒಟ್ಟಿಗೆ ಒಂದೇ ಬೆಲೆಗೆ ಕಟ್ಟಿ ಮಾರುವ ಕಾಂಬೊ ಇದ್ದರೆ, ಬಿಲ್ಲಿನಲ್ಲಿ ಬೇರೆ ಬೇರೆ ಸಾಲಾಗಿ ಬರೆಸಿಕೊಳ್ಳಿ. 

ತಪ್ಪಾಗಿ ತೆರಿಗೆ ಹಿಡಿದಿದ್ದರೆ ಮೊದಲು ಅಂಗಡಿಗೇ ಬಿಲ್ಲು, ಮಾಡೆಲ್ ನಂಬರ್, ರಾಜ್ಯದ ತೆರಿಗೆ ಇಲಾಖೆಯ ಪುಟ ತೋರಿಸಿ ವಾಪಸ್ ಕೇಳಿ. ಸಾಮಾನ್ಯವಾಗಿ ಅಲ್ಲೇ ಬಗೆಹರಿಯುತ್ತದೆ. ಕೌಂಟರಿನ ಹುಡುಗ ಆಗಲ್ಲ ಅಂದರೆ ಮ್ಯಾನೇಜರ್ ಹತ್ತಿರ ಹೋಗಿ.